ಕುದುರೆಯ ರಹದಾರಿ

ಬೆಂಗಳೂರಿನ ಗಂಗಾನಗರಕ್ಕೆ ಸಮೀಪವಾದ ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಮೂಕಪ್ರಾಣಿಗಳ ರೋಗವನ್ನು ಅರಿಯುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ಕುದುರೆಯು ದೇಶದ ಗಡಿಯನ್ನು ದಾಟಬೇಕಾದರೆ ಈ ವಿದ್ಯೆಯೇ ಅದರ ಪರವಾಗಿ ಸಾಕ್ಷಿ ನುಡಿಯಬೇಕು.

ಮನುಷ್ಯರಂತೆ ಕುದುರೆಗೂ ರಹದಾರಿಯುಂಟು. ಬಣ್ಣ, ಹಣೆಯ ಚುಕ್ಕೆ, ಮೈಮೇಲಿನ ಸುಳಿಗಳು, ಹಾಕಿಸಿದ ಲಸಿಕೆಗಳು ಎಲ್ಲವೂ ಅದರಲ್ಲಿ ದಾಖಲಾಗಿರುತ್ತವೆ. ಜೊತೆಗೆ ಸರಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರವೂ ರಕ್ತಪರೀಕ್ಷೆಯ ವರದಿಯೂ ಬೇಕು. ಕೆಲವು ದಿನ ಕುದುರೆಯನ್ನು ಪ್ರತ್ಯೇಕವಾಗಿರಿಸಿ ಗಮನಿಸುವುದೂ ಉಂಟು. ಇದಕ್ಕೆ ‘ಕ್ವಾರಂಟೈನ್’ ಎಂದು ಹೆಸರು.

ಇಷ್ಟೊಂದು ಎಚ್ಚರಿಕೆ ಏಕೆ? ನೋಡಲು ದೃಢಕಾಯವಾದ ಕುದುರೆಯ ರಕ್ತದಲ್ಲಿಯೂ ರೋಗಾಣು ಅಡಗಿರಬಹುದು. ಗ್ಲ್ಯಾಂಡರ್ಸ್ ಎಂಬ ರೋಗವು ಮನುಷ್ಯರಿಗೂ ಹರಡುತ್ತದೆ, ಅದಕ್ಕೆ ಲಸಿಕೆಯಿಲ್ಲ. 1956ರ ಒಲಿಂಪಿಕ್ ಕ್ರೀಡೆಗಳು ಮೆಲ್ಬೋರ್ನಿನಲ್ಲಿ ನಡೆದರೂ, ಆಸ್ಟ್ರೇಲಿಯದ ಕಟ್ಟುನಿಟ್ಟಾದ ಕ್ವಾರಂಟೈನ್ ನಿಯಮದಿಂದಾಗಿ ಕುದುರೆ ಸವಾರಿಯ ಸ್ಪರ್ಧೆಗಳನ್ನು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ನಡೆಸಬೇಕಾಯಿತು.

ಒಂದು ಕುದುರೆ ಆರೋಗ್ಯವಾಗಿದ್ದರೆ ಸಾಲದು. ಅದು ಬೆಳೆದ ನಾಡೂ ರೋಗಮುಕ್ತವೆಂದು ಸಿದ್ಧವಾಗಬೇಕು. ಆದುದರಿಂದ ಭಾರತದ ಕುದುರೆಗಳನ್ನು ನೇರವಾಗಿ ಯುರೋಪಿಗೆ ಒಯ್ಯಲು ಬಹುಕಾಲ ಅವಕಾಶವಿರಲಿಲ್ಲ. ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಜರ್ಮನಿಯಲ್ಲಿದ್ದ ಕುದುರೆಗಳ ಬಳಿಗೇ ಹೋಗಿ ಅಭ್ಯಾಸ ಮಾಡಿ, 2018ರ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗಳಿಸಿದರು. 2025ರಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರದಲ್ಲಿ ಕುದುರೆಗಳಿಗಾಗಿ ರೂಪಿಸಿದ ರೋಗಮುಕ್ತ ವಿಭಾಗಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆಯಿತು. ಅಲ್ಲಿನ ಕುದುರೆಗಳಿಗೆ ಹೊರದೇಶದ ಹಾದಿ ತೆರೆಯುವಂತಾಯಿತು.

ಒಂದು ಲಾಯದಲ್ಲಿ ತೋರಿದ ಅಲಕ್ಷ್ಯವು ಇಡೀ ನಾಡಿನ ಕುದುರೆಗಳ ದಾರಿಯನ್ನು ಮುಚ್ಚಬಲ್ಲದು. ಆದುದರಿಂದಲೇ ಪಶುವೈದ್ಯರು ಪ್ರಮಾಣಪತ್ರಕ್ಕೆ ಹಾಕುವ ಸಹಿಗೆ ಅಷ್ಟೊಂದು ಬೆಲೆ.