ಮಗನು ‘ಅಪ್ಪ’ನಾದ ಬಗೆ

ರಾಜಾಜಿನಗರದ ಯಾವುದಾದರೊಂದು ಶಾಲೆಯ ಮುಂದೆ ಬೆಳಗಿನ ಹೊತ್ತು ನಿಂತು ಕೇಳಿರಿ. ಐದು ವರ್ಷದ ಮಗನಿಗೆ ತಾಯಿಯು “ಹುಷಾರಾಗಿ ಹೋಗಪ್ಪ” ಎನ್ನುತ್ತಾಳೆ. ಮಗಳಿಗೆ ತಂದೆಯು “ಡಬ್ಬಿಯಲ್ಲಿ ಊಟ ಉಳಿಸಬೇಡಮ್ಮ” ಎನ್ನುತ್ತಾನೆ. ಮಗನು ಅಪ್ಪನೂ ಮಗಳು ಅಮ್ಮನೂ ಆದುದು ಹೇಗೆ?

ಇದು ನಮ್ಮಲ್ಲಿ ಮಾತ್ರ ಕಾಣುವ ವಿಚಿತ್ರವಲ್ಲ. ಸ್ಪ್ಯಾನಿಷ್ ನುಡಿಯುವ ಲ್ಯಾಟಿನ್ ಅಮೆರಿಕದ ಹಲವು ನಾಡುಗಳಲ್ಲಿಯೂ ತಾಯಂದಿರು ಪುಟ್ಟ ಮಗನನ್ನು ‘ಪಾಪಿ’ ಎಂದೂ ಮಗಳನ್ನು ‘ಮಾಮಿ’ ಎಂದೂ ಮುದ್ದಿನಿಂದ ಕರೆಯುತ್ತಾರೆ. ಅಲ್ಲಿ ‘ಪಾಪಿ’ ಎಂದರೆ ಅಪ್ಪಾಜಿ. ಕನ್ನಡಿಗರು ಬೈಗುಳವೆಂದು ಗಾಬರಿಯಾಗಬೇಕಿಲ್ಲ!

ಈ ಪದಗಳ ಹುಟ್ಟು ಕೂಸಿನ ಬಾಯಲ್ಲಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಮರ್ಡಾಕ್ ಅವರು ಲೋಕದ ನಾನಾ ಭಾಷೆಗಳಿಂದ ತಾಯಿತಂದೆಗಳನ್ನು ಸೂಚಿಸುವ 1,072 ಪದಗಳನ್ನು ಕೂಡಿಸಿದರು. ಅವನ್ನು ಆಧರಿಸಿ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ಅವರು 1960ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಕಾರಣವನ್ನು ವಿಚಾರಿಸಿದರು. ತಾಯಿಯ ಹೆಸರುಗಳಲ್ಲಿ ನೂರಕ್ಕೆ 55ರಲ್ಲಿ ಮ, ನ ಮೊದಲಾದ ಅನುನಾಸಿಕಗಳಿದ್ದರೆ, ತಂದೆಯ ಹೆಸರುಗಳಲ್ಲಿ ಅವು ನೂರಕ್ಕೆ 15 ಮಾತ್ರ. ಮೊಲೆಯುಣ್ಣುವ ಕೂಸಿನ ಬಾಯಿ ಮುಚ್ಚಿರುವುದರಿಂದ ಅದರ ಗುನುಗು ಮೂಗಿನಿಂದಲೇ ಹೊರಡಬೇಕು. ಆ ಗುನುಗೇ ಮುಂದೆ ಹಾಲನ್ನೂ ಹಾಲೂಡುವವಳನ್ನೂ ಕರೆಯುವ ಕೂಗಾಯಿತೆಂದು ಅವರ ವಾದ. ಆದರೆ ಇದು ಮುರಿಯದ ನಿಯಮವಲ್ಲ. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ! ಅಷ್ಟು ದೂರವೇಕೆ, ನೆರೆಯ ತೆಲುಗಿನ ‘ನಾನ್ನ’ನೂ ತಂದೆಯೇ.

ಕನ್ನಡವಾದರೋ ತುಟಿಗಳಲ್ಲಿಯೇ ನಿಲ್ಲಲಿಲ್ಲ. ಅಕ್ಕ, ಅಜ್ಜ, ಅಣ್ಣ, ಅತ್ತೆ, ಅಪ್ಪ ಎಂದು ಹೇಳಿ ನೋಡಿರಿ: ಉಚ್ಚಾರಣೆಯು ಗಂಟಲ ಬಳಿಯಿಂದ ಹೊರಟು ತುಟಿಯವರೆಗೆ ಬಂದು, ವರ್ಣಮಾಲೆಯ ಐದು ವರ್ಗಗಳನ್ನೂ ಮುಟ್ಟುತ್ತದೆ. ಎಲ್ಲವೂ ಅಕಾರದಿಂದ ಮೊದಲಾಗುತ್ತವೆ, ಎಲ್ಲದರಲ್ಲಿಯೂ ಒತ್ತಕ್ಷರವಿದೆ. ಕೂಸಿಗೆ ಇದಕ್ಕಿಂತ ಸುಲಭವಾದ ಅಚ್ಚು ಸಿಗುವುದು ಕಷ್ಟ.

ಮುದ್ದಿಸುವ ದಾರಿಯಲ್ಲಿ ಮಾತ್ರ ಎರಡು ಭಾಷೆಗಳು ಅಗಲುತ್ತವೆ. ಸ್ಪ್ಯಾನಿಷಿನಲ್ಲಿ ಅಜ್ಜಿಯು ‘ಅಬುವೇಲ’. ಪ್ರೀತಿ ಉಕ್ಕಿದಾಗ ಅವಳು ‘ಅಬುವೇಲೀತ’, ಎಂದರೆ ಪುಟ್ಟಜ್ಜಿ. ನಮ್ಮಲ್ಲಿ ಪ್ರೀತಿಯು ಕಿರಿಯರನ್ನೇ ಹಿರಿಯರ ಸ್ಥಾನಕ್ಕೇರಿಸುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಟ್ಟು, ಹಿರಿಯರ ಹೆಸರೆತ್ತಲಾರದೆ ಮಗುವನ್ನು ‘ಅಪ್ಪ’ ಎನ್ನುವ ಮನೆಗಳುಂಟು. ಆದರೆ ಈ ಪದ್ಧತಿಯಿಲ್ಲದ ಮನೆಗಳಲ್ಲಿಯೂ ಮಗನು ಅಪ್ಪನೇ ಆದ್ದರಿಂದ, ಇದೊಂದೇ ಕಾರಣ ಸಾಲದು. ಮಗು ಕಲಿಯಬೇಕಾದ ಪದವನ್ನು ಹಿರಿಯರು ಮಗುವಿಗೇ ಹೇಳುತ್ತ ಬಂದರೆಂಬುದು ನನಗೆ ಹೆಚ್ಚು ಒಪ್ಪುವ ವಿವರಣೆ. ಬಸವೇಶ್ವರನಗರಕ್ಕೆ ಹೆಸರಾದ ಹನ್ನೆರಡನೆಯ ಶತಮಾನದ ಮಹಾಪುರುಷರೂ ಜನರ ನಾಲಗೆಯಲ್ಲಿ ಬಸವ‘ಣ್ಣ’ನಲ್ಲವೆ?

ಈಗ ವಿಜಯನಗರದ ಬಸ್ಸಿನಲ್ಲಿ ಅಪರಿಚಿತರೆಲ್ಲ ‘ಅಂಕಲ್’ಗಳು. ಅದರಿಂದ ದೊಡ್ಡ ನಷ್ಟವಿಲ್ಲ. ಮನೆಯೊಳಗೂ ಅದೇ ಪದ ಬಂದಾಗ ಲೆಕ್ಕ ಬೇರೆ. ಚಿಕ್ಕಪ್ಪನ ಮಕ್ಕಳು ನಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು; ಸೋದರಮಾವನ ಮಕ್ಕಳು ಭಾವ, ಅತ್ತಿಗೆ, ನಾದಿನಿಯರು. ಸ್ಪ್ಯಾನಿಷಿನ ‘ತೀಯೊ’ ಕೂಡ ಈ ಇಬ್ಬರು ಹಿರಿಯರನ್ನು ಬೇರೆಮಾಡುವುದಿಲ್ಲ. ಆದರೆ ಆ ಭಾಷೆಯಲ್ಲಿ ಅವರ ಮಕ್ಕಳಿಗೂ ಒಂದೇ ಹೆಸರು. ಇಬ್ಬರನ್ನೂ ‘ಅಂಕಲ್’ ಎಂದು ಕರೆದು ಬೆಳೆದ ಕನ್ನಡದ ಮಗುವಾದರೋ, ಅವರ ಮಕ್ಕಳಲ್ಲಿ ಯಾರು ಅಣ್ಣ, ಯಾರು ಭಾವ ಎಂಬುದನ್ನು ಬೇರೆಯಾಗಿ ಕೇಳಿ ತಿಳಿಯಬೇಕಾಗಿದೆ.