ಮೋಟಾರು ಗಾಡಿಯ ಚುಕ್ಕಾಣಿ ಮತ್ತು ಕೀಲುಗಳ ರಕ್ಷಣೆ

ನಮ್ಮ ಹಿರಿಯರು ಜಾತ್ರೆಗೋ ಮದುವೆಗೋ ಗಾಡಿ ಕಟ್ಟಿಕೊಂಡು ಹೊರಡುವಾಗ, ಎತ್ತುಗಳಿಗೆ ಹುಲ್ಲು ನೀರು ತೋರಿಸಿ, ಅಚ್ಚಿಗೆ ಕೀಲೆಣ್ಣೆ ಸವರಿ, ಕಡಾಣಿಯನ್ನು ಕೈಯಿಂದ ಅಲುಗಿಸಿ ನೋಡಿದ ಮೇಲಲ್ಲದೆ ಮಕ್ಕಳನ್ನು ಗಾಡಿಗೆ ಹತ್ತಿಸುತ್ತಿರಲಿಲ್ಲ. ಕಡಾಣಿಯೆಂಬುದು ಗೇಣುದ್ದವೂ ಇಲ್ಲದ ಕಬ್ಬಿಣದ ತುಂಡು. ಆದರೆ ಅದು ಬಿದ್ದುಹೋದರೆ ಚಕ್ರವೇ ಕಳಚುವುದೆಂಬುದನ್ನು ಅವರು ಬಲ್ಲವರಾಗಿದ್ದರು. ಈಗ ಅನೇಕರ ಮನೆಯ ಮುಂದೆ ಎತ್ತಿನ ಗಾಡಿಯ ಸ್ಥಾನದಲ್ಲಿ ಕಾರು ನಿಂತಿರುವುದು. ನಾವು ಅದನ್ನು ತೊಳೆದು ಒರೆಸಿ ಥಳಥಳಿಸುವಂತೆ ಮಾಡುವೆವು; ಅದರ ಕೀಲುಗಳ ಯೋಗಕ್ಷೇಮವನ್ನು ಮಾತ್ರ ವಿಚಾರಿಸುವುದು ವಿರಳ. ಎಂಜಿನು ಕೆಟ್ಟರೆ ಗಾಡಿಯು ನಿಲ್ಲುವುದು, ಅಷ್ಟೆ. ಚುಕ್ಕಾಣಿ ಕೆಟ್ಟರೆ ಗಾಡಿಯು ನಿಲ್ಲದು. ನಾವು ಬಯಸದ ಕಡೆಗೆ ಓಡುವುದು.

ಈ ಮಾತಿನ ಸತ್ಯವು ನನಗೆ ಅನುಭವದಿಂದಲೇ ವೇದ್ಯವಾಯಿತು. ಕೆಲವು ವರ್ಷಗಳ ಹಿಂದೆ ನಾವು ಸಕುಟುಂಬರಾಗಿ ಶಿವಮೊಗ್ಗೆಯಿಂದ ಆಗುಂಬೆಯ ಮಾರ್ಗವಾಗಿ ಉಡುಪಿಗೆ ಹೊರಟಿದ್ದೆವು. ಅದಕ್ಕೆ ಒಂದು ವಾರ ಮುಂಚಿನಿಂದಲೂ ನನ್ನ ಪತ್ನಿಯು, “ಎಡಗಡೆಯ ಮುಂಚಕ್ರದ ಬಳಿ ಏನೋ ಟಕ್ ಟಕ್ ಎನ್ನುತ್ತಿದೆಯಲ್ಲ, ನಿಮಗೆ ಕೇಳಿಸುವುದಿಲ್ಲವೇ?” ಎನ್ನುತ್ತಿದ್ದಳು. “ಅದು ರಸ್ತೆಯ ದೋಷ, ಗಾಡಿಯದಲ್ಲ” ಎಂದು ನಾನು ತಳ್ಳಿಹಾಕಿದ್ದೆನು. ತೀರ್ಥಹಳ್ಳಿಯಲ್ಲಿ ಒಂದು ಚಕ್ರದ ಗಾಳಿ ಇಳಿದುದರಿಂದ ಅದನ್ನು ರಿಪೇರಿಗೆ ಕೊಡಬೇಕಾಯಿತು. ಜಾಕಿನಿಂದ ಗಾಡಿಯನ್ನೆತ್ತಿದ ವೃದ್ಧ ಮೆಕ್ಯಾನಿಕ್ಕನು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಅದು ಸಡಿಲವಾದ ಹಲ್ಲಿನಂತೆ ಆಡಿತು. ಅವನು ನನ್ನನ್ನೂ ಹಿಂದಿನ ಸೀಟಿನ ಮಕ್ಕಳನ್ನೂ ನೋಡಿ, “ಸ್ವಾಮಿ, ಈ ಕೀಲನ್ನು ನಂಬಿಕೊಂಡು ಘಾಟಿ ಇಳಿಯುತ್ತೀರಾ?” ಎಂದನು. ಆಗುಂಬೆಯ ಇಳಿಜಾರಿನಲ್ಲಿ 14 ಕಡಿದಾದ ತಿರುವುಗಳಿರುವುವು. ನನ್ನ ಬಾಯಿಂದ ಉತ್ತರವೇ ಹೊರಡಲಿಲ್ಲ. ಅಂದಿನಿಂದ ಈ ವಿಷಯವನ್ನು ಕೇಳಿ, ನೋಡಿ ತಿಳಿದುಕೊಂಡೆನು. ಅದರ ಸಾರವನ್ನು ವಾಚಕರ ಮುಂದಿಡುತ್ತಿದ್ದೇನೆ.

ಚಾಲಕನು ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿದಾಗ ಅದರ ಕಂಬದ ತುದಿಯಲ್ಲಿರುವ ಚಿಕ್ಕ ಹಲ್ಲುಗಾಲಿಯು ತಿರುಗಿ, ಹಲ್ಲುಗಳುಳ್ಳ ಒಂದು ಅಡ್ಡ ಸರಳನ್ನು ಎಡಕ್ಕೋ ಬಲಕ್ಕೋ ಸರಿಸುವುದು. ಇದಕ್ಕೆ ರ‍್ಯಾಕ್ ಮತ್ತು ಪಿನಿಯನ್ ಎಂದು ಹೆಸರು. ಇಂದಿನ ಬಹುಪಾಲು ಕಾರುಗಳಲ್ಲಿರುವುದು ಇದೇ. ಸರಳಿನ ಎರಡು ತುದಿಗಳಿಂದ ಟೈ ರಾಡ್ ಎಂಬ ಕಡ್ಡಿಗಳು ಹೊರಟು ಚಕ್ರಗಳನ್ನು ಹೊರಳಿಸುವುವು. ತಿರುವಿನಲ್ಲಿ ಒಳಗಡೆಯ ಚಕ್ರವು ಚಿಕ್ಕ ವೃತ್ತದಲ್ಲಿಯೂ ಹೊರಗಡೆಯದು ದೊಡ್ಡ ವೃತ್ತದಲ್ಲಿಯೂ ಸಾಗಬೇಕಾದುದರಿಂದ, ಒಳಚಕ್ರವು ಸ್ವಲ್ಪ ಹೆಚ್ಚಾಗಿ ಹೊರಳಬೇಕು. ಈ ಉಪಾಯವು ಕುದುರೆ ಸಾರೋಟುಗಳ ಕಾಲದ್ದು. ಮ್ಯೂನಿಕ್ ನಗರದ ಲಾಂಕೆನ್ಸ್‌ಪೆರ್ಗರ್ ಎಂಬ ಸಾರೋಟು ತಯಾರಕನು ಕಂಡುಹಿಡಿದ ಇದಕ್ಕೆ, 1818ರಲ್ಲಿ ಲಂಡನ್ನಿನಲ್ಲಿ ಆಕರ್ಮನ್ ಎಂಬಾತನು ಪೇಟೆಂಟು ಪಡೆದನು. ಆದಕಾರಣ ಇಂದಿಗೂ ಅದು ಆಕರ್ಮನನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಚಕ್ರವು ಹೊರಳುವುದಲ್ಲದೆ ಹಳ್ಳದಿಣ್ಣೆಗಳಲ್ಲಿ ಏರಿಳಿಯಲೂ ಬೇಕು. ಇದಕ್ಕಾಗಿ ಬಾಲ್ ಜಾಯಿಂಟ್ ಎಂಬ ಗುಂಡುಕೀಲುಗಳಿವೆ. ತೊಡೆಯ ಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ತಿರುಗುವಂತೆ ಇವು ಎಲ್ಲ ದಿಕ್ಕಿಗೂ ತಿರುಗಬಲ್ಲವು. ಒಳಗಿನ ಗ್ರೀಸನ್ನು ಒಂದು ರಬ್ಬರಿನ ಟೊಪ್ಪಿಗೆಯು ಕಾಪಾಡುವುದು. ಟೊಪ್ಪಿಗೆ ಹರಿಯಿತೆಂದರೆ ಕೆಸರೂ ಮರಳೂ ಒಳಹೊಕ್ಕು ಕೀಲನ್ನು ಅರಗೊರಡಿನಂತೆ ತೇಯುವುವು. ನನ್ನ ಗಾಡಿಯಲ್ಲಿ ನಡೆದುದೂ ಅದೇ. ಕೀಲು ಪೂರ್ತಿಯಾಗಿ ಕಳಚಿದ್ದರೆ ಚಕ್ರವು ಹೊರಕ್ಕೆ ಮಡಿಚಿಕೊಳ್ಳುತ್ತಿತ್ತು.

ಇನ್ನು ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗು. ಶಾಕ್ ಅಬ್ಸಾರ್ಬರಿನ ಕೆಲಸವು ಭಾರ ಹೊರುವುದೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಒಮ್ಮೆ ಕುಗ್ಗಿದ ಸ್ಪ್ರಿಂಗು ಉಯ್ಯಾಲೆಯಂತೆ ಆಡುತ್ತಲೇ ಇರಬಯಸುವುದು. ಆಗ ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ನುಸುಳುತ್ತ ಆ ಆಟವನ್ನು ಅಡಗಿಸಿ, ಚಕ್ರವು ನೆಲವನ್ನು ಬಿಡದಂತೆ ನೋಡಿಕೊಳ್ಳುವುದು. ಚಕ್ರವು ನೆಲದ ಮೇಲಿಲ್ಲದಿದ್ದರೆ ಬ್ರೇಕೂ ಚುಕ್ಕಾಣಿಯೂ ನಿಷ್ಪ್ರಯೋಜಕವೆಂದು ಬೇರೆ ಹೇಳಬೇಕಾದುದಿಲ್ಲ.

ಈ ಅಂಗಗಳು ಕೆಡುವ ಮೊದಲು ಸಾಮಾನ್ಯವಾಗಿ ಸೂಚನೆ ಕೊಡುವುವು. ಸ್ಟಿಯರಿಂಗನ್ನು ತಿರುಗಿಸಿದರೂ ಚಕ್ರವು ತಡವಾಗಿ ಹೊರಳಿದರೆ, ಯಾವುದೋ ಕೀಲು ಸವೆದಿದೆಯೆಂದು ತಿಳಿಯಬೇಕು. ನೇರ ರಸ್ತೆಯಲ್ಲಿ ಗಾಡಿಯು ಒಂದೇ ಪಕ್ಕಕ್ಕೆ ಎಳೆಯುತ್ತಿದ್ದರೆ ಮೊದಲು ಟೈರುಗಳ ಗಾಳಿಯನ್ನು ನೋಡಿ. ಅದು ಸಮವಾಗಿದ್ದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿರಬಹುದು, ಇಲ್ಲವೆ ಬ್ರೇಕು ಹಿಡಿದಿರಬಹುದು. ವೇಗದಲ್ಲಿ ಮಾತ್ರ ಸ್ಟಿಯರಿಂಗು ನಡುಗಿದರೆ ಸಾಮಾನ್ಯವಾಗಿ ಚಕ್ರಗಳ ಬ್ಯಾಲೆನ್ಸ್ ತಪ್ಪಿರುವುದು. ಟೈರು ನಡುವೆ ಸವೆದರೆ ಗಾಳಿ ಹೆಚ್ಚು. ಎರಡೂ ಅಂಚುಗಳಲ್ಲಿ ಸವೆದರೆ ಗಾಳಿ ಕಡಿಮೆ. ಒಂದೇ ಅಂಚಿನಲ್ಲಿ ಸವೆದರೆ ಅಲೈನ್‌ಮೆಂಟಿನ ದೋಷ. ಅಲ್ಲಲ್ಲಿ ಗುಳಿಬಿದ್ದಂತೆ ಸವೆದರೆ ಶಾಕ್ ಅಬ್ಸಾರ್ಬರ್ ಸೋತಿರುವ ಸಂಭವವುಂಟು. ಟೈರು ಗಾಡಿಯ ಜಾತಕವಿದ್ದಂತೆ, ಓದಲು ತಿಳಿದಿರಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಗಾಡಿಯ ಒಂದೊಂದು ಮೂಲೆಯನ್ನೂ ಬಲವಾಗಿ ಅದುಮಿ ಬಿಡಿ. ಒಮ್ಮೆ ಎದ್ದು ಸ್ಥಿರವಾದರೆ ಸಮಾಧಾನಕರ. ಎರಡು ಮೂರು ಸಲ ಕುಣಿದರೆ ಪರೀಕ್ಷೆ ಮಾಡಿಸಿರಿ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಸೋರಿದೆಯೇ, ರಬ್ಬರಿನ ಟೊಪ್ಪಿಗೆಗಳು ಹರಿದಿವೆಯೇ ಎಂದು ಮಳೆಗಾಲದ ಮುಂಚೆಯೂ ಅನಂತರವೂ ನೋಡಿರಿ. ಟೈರಿನ ಗಾಳಿಯನ್ನು ಗಾಡಿ ಓಡುವ ಮೊದಲು, ತಣ್ಣಗಿರುವಾಗಲೇ ಅಳೆಯತಕ್ಕದ್ದು. ಎಣ್ಣೆಯಿಂದ ನಡೆಯುವ ಪವರ್ ಸ್ಟಿಯರಿಂಗ್ ಇದ್ದರೆ ಅದರ ಮಟ್ಟವನ್ನೂ ಗಮನಿಸಿರಿ; ವಿದ್ಯುತ್ತಿನಿಂದ ನಡೆಯುವುದಕ್ಕೆ ಈ ಎಣ್ಣೆಯೇ ಇರುವುದಿಲ್ಲ. ಆದರೆ ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ನುಸುಳಬಾರದು. ಅದುಮಿಟ್ಟ ಸ್ಪ್ರಿಂಗನ್ನು ಬಿಚ್ಚುವ ಸಾಹಸವೂ ಕೂಡದು. ಅದು ಸಿಡಿದರೆ ಪ್ರಾಣಕ್ಕೇ ಅಪಾಯ.

ರಿಪೇರಿ ಮಾಡಿಸುವಾಗ ಶಾಕ್ ಅಬ್ಸಾರ್ಬರುಗಳನ್ನು ಒಂದೇ ಅಚ್ಚಿನ ಎರಡೂ ಕಡೆ ಜೋಡಿಯಾಗಿ ಬದಲಾಯಿಸುವುದು ಉತ್ತಮ. ಟೈ ರಾಡಿನ ತುದಿಯನ್ನು ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಹಲವು ಗಾಡಿಗಳಲ್ಲಿ ಗುಂಡುಕೀಲಿನ ನಟ್ಟು ಸಡಿಲವಾಗದಂತೆ ಅದರ ಅಡ್ಡಲಾಗಿ ಒಂದು ಸೀಳುಪಿನ್ನನ್ನು ತೂರಿಸಿ ಮಡಿಸಿರುತ್ತಾರೆ. ಹಳೆಯ ಪಿನ್ನನ್ನೇ ಮತ್ತೆ ಹಾಕಗೊಡದೆ ಹೊಸದನ್ನು ಹಾಕಿಸಿರಿ. ಅದರ ಬೆಲೆಯು ಅತ್ಯಲ್ಪ.

ಅಂದು ತೀರ್ಥಹಳ್ಳಿಯ ಆ ವೃದ್ಧನು ಹೊಸ ಕೀಲನ್ನು ಕೂಡಿಸಿ, ಕಡೆಯಲ್ಲಿ ಅಂಥದೊಂದು ಪಿನ್ನನ್ನು ತೂರಿಸಿ ಮಡಿಸುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆನು. ನಮ್ಮ ಅಜ್ಜನ ಗಾಡಿಯ ಕಡಾಣಿಯೇ ಬೇರೊಂದು ರೂಪದಲ್ಲಿ ಬಂದಂತೆ ತೋರಿತು. ಸಂಜೆಯ ಹೊತ್ತಿಗೆ ಘಾಟಿಯನ್ನು ಇಳಿದೆವು. ಹದಿನಾಲ್ಕು ತಿರುವುಗಳನ್ನು ದಾಟುವವರೆಗೂ ಗಾಡಿಯಲ್ಲಿ ಟಕ್ ಎಂಬ ಶಬ್ದವಿರಲಿಲ್ಲ. ನನ್ನ ಪತ್ನಿಯೂ ಒಂದು ಮಾತನ್ನಾಡಲಿಲ್ಲ. ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿದಾಗ, “ಇನ್ನು ಮುಂದೆ ನೀನು ಏನಾದರೂ ಶಬ್ದ ಕೇಳಿದರೆ ಹೇಳು, ಅಂದೇ ತೋರಿಸುವೆನು” ಎಂದೆನು. ಆ ಮಾತನ್ನು ಈವರೆಗೆ ನಡೆಸಿಕೊಂಡು ಬಂದಿದ್ದೇನೆ.