ಉರಿಮೂತ್ರವೂ ನಮ್ಮ ಸಂಕೋಚವೂ

ಪತ್ರಿಕೆಯ ಈ ಪುಟದಲ್ಲಿ ಇಂತಹ ವಿಷಯವನ್ನು ಎತ್ತಬಹುದೆ ಎಂದು ಕೆಲವು ವಾಚಕ ಮಹಾಶಯರು ಹುಬ್ಬು ಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ಕಂದಾಯ, ಕಾಲುವೆ, ಚುನಾವಣೆಗಳನ್ನು ಕುರಿತು ಎಷ್ಟು ಬರೆದರೂ ಬೇಸರಪಡದ ನಮ್ಮ ಗೃಹಸ್ಥರು ಮೂತ್ರವೆಂಬ ಮಾತು ಕಣ್ಣಿಗೆ ಬಿದ್ದೊಡನೆ ಹಾಳೆಯನ್ನು ಮಗುಚುವರು. ಹಾಗೆ ಮಗುಚುವ ಮುನ್ನ ಸ್ವಲ್ಪ ತಾಳಬೇಕೆಂದು ಬೇಡಿಕೊಳ್ಳುತ್ತೇವೆ. ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆಯುಷ್ಯದಲ್ಲಿ ಒಂದು ಸಲವಾದರೂ ಬರುವ ವ್ಯಾಧಿಯಿದು. ಹಾಳೆಯನ್ನು ಮಗುಚುವವರ ಮನೆಯಲ್ಲಿಯೇ ಯಾರಿಗಾದರೂ ಬಂದು ಹೋಗಿರಬಹುದು. ಯಜಮಾನರಿಗೆ ತಿಳಿದಿರಲಾರದು, ಅಷ್ಟೆ.

ನಮಗೆ ಪರಿಚಿತರಾದ ಅಧಿಕಾರಿಗಳೊಬ್ಬರ ಮನೆಯಲ್ಲಿ ನಡೆದುದು ಹೀಗೆಯೇ. ಕಾಲೇಜಿಗೆ ಹೋಗುವ ಅವರ ಮಗಳಿಗೆ ನಾಲ್ಕು ದಿವಸಗಳಿಂದ ಮೂತ್ರ ಮಾಡುವಾಗ ಉರಿ ಇದ್ದಿತು. ಗಳಿಗೆಗೊಮ್ಮೆ ಎದ್ದು ಹೋಗುವಳು, ಹೋದರೆ ನಾಲ್ಕು ಹನಿ. ತಾಯಿಯೊಡನೆ ಮಾತ್ರ ಹೇಳಿಕೊಂಡಳು. ಉಷ್ಣವೆಂದು ನಿಶ್ಚಯವಾಗಿ ಎಳನೀರು, ಜೀರಿಗೆ ಕಷಾಯ, ಹೊಕ್ಕುಳಿಗೆ ಹರಳೆಣ್ಣೆ, ಇವೆಲ್ಲ ನಡೆದವು. ಐದನೆಯ ರಾತ್ರಿ ಮೈ ನಡುಗಿಸುವ ಚಳಿಜ್ವರ ಬಂದು, ಬಲಪಕ್ಕೆಯ ಹಿಂಬದಿಯಲ್ಲಿ ತಡೆಯಲಾರದ ನೋವೂ ವಾಂತಿಯೂ ಪ್ರಾರಂಭವಾದವು. ಸೋಂಕು ಮೂತ್ರಪಿಂಡಕ್ಕೆ ಏರಿರುವುದೆಂದು ಡಾಕ್ಟರು ಹೇಳಿದರು. ಒಂದು ವಾರ ಆಸ್ಪತ್ರೆಯಲ್ಲಿದ್ದು ಹುಡುಗಿ ಗುಣಹೊಂದಿದಳು. "ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದಿತು, ನನಗೊಬ್ಬನಿಗೆ ಹೇಳಿರಲಿಲ್ಲ" ಎಂದು ಆ ಮಿತ್ರರು ನಮ್ಮೊಡನೆ ಹೇಳಿದಾಗ ನಾವು ಏನೆಂದೂ ಉತ್ತರ ಕೊಡಲಾರದೆ ಹೋದೆವು.

ಉಷ್ಣವೆಂಬ ಒಂದು ಪದದ ಮೇಲೆ ನಾವು ಹೊರಿಸಿರುವ ಭಾರ ಅಷ್ಟಿಷ್ಟಲ್ಲ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮೂತ್ರ ಉರಿದರೂ ಉಷ್ಣ. ಈ ಮಾತು ಕೇವಲ ಅಜ್ಞಾನದಿಂದ ಹುಟ್ಟಿತೆಂದು ನಾವು ಹೇಳುವುದಿಲ್ಲ. ಬೇಸಗೆಯಲ್ಲಿ ಬೆವರು ಹರಿದು, ನೀರು ಕುಡಿಯುವುದು ಕಡಮೆಯಾದರೆ ಮೂತ್ರವು ಗಟ್ಟಿಯಾಗಿ ಹಳದಿಗಟ್ಟಿ ಸ್ವಲ್ಪ ಉರಿಯುವುದುಂಟು. ನಾಲ್ಕು ಲೋಟ ನೀರು ಕುಡಿದರೆ ಅದು ಹೋಗುವುದೂ ಉಂಟು. ಆದರೆ ನೀರು ಕುಡಿದ ಮೇಲೆಯೂ ಉರಿ ನಿಲ್ಲದಿದ್ದರೆ, ಕೆಳಹೊಟ್ಟೆ ನೋಯುತ್ತಿದ್ದರೆ, ಮೂತ್ರವು ಕದಡಿ ದುರ್ವಾಸನೆ ಬರುತ್ತಿದ್ದರೆ, ಅದರಲ್ಲಿ ರಕ್ತದ ಛಾಯೆ ಕಂಡರೆ, ಅಲ್ಲಿ ಇರುವುದು ಉಷ್ಣವಲ್ಲ, ಸೂಕ್ಷ್ಮಕ್ರಿಮಿ.

ಇದಕ್ಕೆ ಬಹುಮಟ್ಟಿಗೆ ಕಾರಣವಾದ ಕ್ರಿಮಿಯನ್ನು 1885ರಲ್ಲಿ ಥಿಯೋಡೋರ್ ಎಷರಿಕ್ ಎಂಬ ಶಿಶುವೈದ್ಯನು ಹಸುಗೂಸುಗಳ ಮಲದಲ್ಲಿ ಕಂಡುಹಿಡಿದನು. ಅವನ ಹೆಸರಿನಿಂದಲೇ ಅದನ್ನು ಎಷರಿಕಿಯಾ ಕೋಲೈ ಎನ್ನುವರು. ನಮ್ಮೆಲ್ಲರ ಕರುಳಿನಲ್ಲಿಯೂ ಅದು ವಾಸಿಸುವುದು. ಅಲ್ಲಿರುವವರೆಗೆ ಸಾಮಾನ್ಯವಾಗಿ ಉಪದ್ರವವಿಲ್ಲ. ಗುದದ್ವಾರದಿಂದ ಮೂತ್ರದ್ವಾರಕ್ಕೆ ಸರಿದು, ಅಲ್ಲಿಂದ ಮೂತ್ರಕೋಶಕ್ಕೆ ಏರಿದಾಗ ತೊಂದರೆ. ಪುರುಷರಲ್ಲಿ ಆ ದಾರಿ ಸುಮಾರು 20 ಸೆಂಟಿಮೀಟರು ಉದ್ದವಿದ್ದರೆ ಸ್ತ್ರೀಯರಲ್ಲಿ ಸುಮಾರು 4 ಸೆಂಟಿಮೀಟರು ಮಾತ್ರ. ಈ ವ್ಯಾಧಿಯು ಸ್ತ್ರೀಯರನ್ನೇ ಹೆಚ್ಚಾಗಿ ಕಾಡುವುದಕ್ಕೆ ಮುಖ್ಯ ಕಾರಣ ಈ ಅಳತೆಯ ವ್ಯತ್ಯಾಸವೇ ಹೊರತು ಅವರ ನಡತೆಯಾಗಲಿ ಶುಚಿತ್ವವಾಗಲಿ ಅಲ್ಲ. ದಾಂಪತ್ಯದ ಆರಂಭದಲ್ಲಿ ಇದು ಮರುಕಳಿಸುವುದು ಸಾಮಾನ್ಯ. ಅದರಲ್ಲಿ ಸೊಸೆಯನ್ನು ಶಂಕಿಸುವಂಥಾದ್ದು ಏನೂ ಇಲ್ಲವೆಂದು ಅತ್ತೆಯಂದಿರಿಗೆ ಯಾರಾದರೂ ತಿಳಿಸಿದರೆ ಲೇಸು. ಮಲವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕೆಂಬ ಸಣ್ಣ ಮಾತನ್ನು ಹೆಣ್ಣುಮಕ್ಕಳಿಗೆ ತಾಯಂದಿರು ಎಳವೆಯಲ್ಲಿಯೇ ಹೇಳಿಕೊಡತಕ್ಕದ್ದು.

ಕ್ರಿಮಿಯು ಏರಿದರೂ ಅದನ್ನು ತೊಳೆದು ಹೊರದೂಡುವ ಏರ್ಪಾಡನ್ನು ಪ್ರಕೃತಿಯೇ ಮಾಡಿರುವುದು. ಆ ಏರ್ಪಾಡೇ ಮೂತ್ರ. ನೀರು ಕುಡಿಯದೆ, ಬಂದ ಮೂತ್ರವನ್ನೂ ಗಂಟೆಗಟ್ಟಲೆ ತಡೆದರೆ ಒಳಗಿನ ಕ್ರಿಮಿಗೆ ಬೆಳೆಯಲು ಸಾವಕಾಶವನ್ನು ನಾವೇ ಕೊಟ್ಟಂತಾಗುವುದು. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಮೆ ಕುಡಿಯುತ್ತಿದ್ದ, ಈ ಸೋಂಕು ಮೇಲಿಂದ ಮೇಲೆ ಬರುತ್ತಿದ್ದ 140 ಮಂದಿ ಸ್ತ್ರೀಯರನ್ನು ಒಂದು ವರ್ಷ ಪರೀಕ್ಷಿಸಿದ ವೃತ್ತಾಂತವು 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧ ಮಂದಿ ಮತ್ತೆ ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿದರು. ಅವರಿಗೆ ಸೋಂಕು ಬಂದ ಸರಾಸರಿಯು ಉಳಿದವರದರ ಅರ್ಧದಷ್ಟಕ್ಕೆ ಇಳಿದಿತ್ತು. ನೀರಿಗಿಂತ ಅಗ್ಗವಾದ ಔಷಧ ಯಾವುದಿದೆ?

ನಮ್ಮ ಪ್ರಾಚೀನರಿಗೂ ಇದು ಹೊಳೆಯದೆ ಇರಲಿಲ್ಲ. ಚರಕಸಂಹಿತೆಯು ಮೂತ್ರಕೃಚ್ಛ್ರವನ್ನು ಎಂಟು ವಿಧವಾಗಿ ವಿಂಗಡಿಸಿರುವುದು. ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ, ತಡೆಯಬಾರದ ವೇಗಗಳು ಹದಿಮೂರೆಂದು ಎಣಿಸುವಾಗ ಮೊಟ್ಟಮೊದಲು ಹೆಸರಿಸಿರುವುದು ಮೂತ್ರವೇಗವನ್ನೇ. ಪಾಠಶಾಲೆಯಲ್ಲಿ ಈ ಪಟ್ಟಿಯನ್ನು ಕೇಳಿ ನಾವು ನಕ್ಕಿದ್ದುಂಟು. ಈಗ ನಗು ಬರುವುದಿಲ್ಲ.

ಪುರುಷರು ಇದರಿಂದ ಪಾರಾದರೆಂದಲ್ಲ. ಐವತ್ತು ದಾಟಿದ ನಮ್ಮಂಥವರಲ್ಲಿ ಪ್ರೋಸ್ಟೇಟ್ ಗ್ರಂಥಿಯು ದಪ್ಪವಾಗಿ, ಮೂತ್ರವು ಪೂರ್ತಿಯಾಗಿ ಹೊರಬೀಳದೆ ಕೋಶದಲ್ಲಿ ನಿಂತು, ಅದರಲ್ಲಿ ಕ್ರಿಮಿ ಬೆಳೆಯುವುದು. ಮಧುಮೇಹ, ಮೂತ್ರದ ಕಲ್ಲು, ಆಸ್ಪತ್ರೆಯಲ್ಲಿ ಹಾಕಿದ ಮೂತ್ರನಳಿಕೆ, ಇವೂ ದಾರಿಮಾಡಿಕೊಡುವವು. ಮಗುವಿಗೆ ಕಾರಣ ತಿಳಿಯದ ಜ್ವರ ಬಂದಾಗ ಮೂತ್ರವನ್ನು ಪರೀಕ್ಷಿಸಬೇಕಾಗುವುದು, ಏಕೆಂದರೆ ಅದು ಉರಿಯೆಂದು ಹೇಳಲಾರದು. ವೃದ್ಧರಲ್ಲಿ ಉರಿಗಿಂತ ಮುಂಚೆ ಮತಿಭ್ರಮೆಯೂ ನಿತ್ರಾಣವೂ ಕಾಣಿಸಬಹುದು. ಆದರೆ ಅವಕ್ಕೆ ಬೇರೆ ಕಾರಣಗಳೂ ಇರುವುದರಿಂದ ಪರೀಕ್ಷೆಯಿಲ್ಲದೆ ತೀರ್ಮಾನಿಸಬಾರದು. ಗರ್ಭಿಣಿಯರ ವಿಷಯದಲ್ಲಂತೂ ಅಲಕ್ಷ್ಯವು ಸರ್ವಥಾ ಕೂಡದು. ಅವರಲ್ಲಿ ಯಾವ ಲಕ್ಷಣವೂ ಇಲ್ಲದೆ ಕ್ರಿಮಿಯು ನೆಲೆಸಿದ್ದು, ಮುಂದೆ ಮೂತ್ರಪಿಂಡವನ್ನು ಹಿಡಿದು, ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವುಂಟು. ಬಸುರಿನ ಮೊದಲ ತಿಂಗಳುಗಳಲ್ಲಿಯೇ ಮೂತ್ರವನ್ನು ಪರೀಕ್ಷಿಸುವುದು ಇದಕ್ಕಾಗಿಯೇ.

ಇನ್ನು ಔಷಧದ ಮಾತು. ಉರಿಯೆಂದೊಡನೆ ಮೆಡಿಕಲ್ ಷಾಪಿಗೆ ಆಳನ್ನು ಕಳುಹಿಸಿ, ಹೋದ ವರ್ಷದ ಚೀಟಿಯನ್ನು ತೋರಿಸಿ, ನಾಲ್ಕು ಮಾತ್ರೆ ತರಿಸಿ, ಎರಡನ್ನು ನುಂಗಿ, ಉರಿ ಶಾಂತವಾದೊಡನೆ ಉಳಿದೆರಡನ್ನು ಕಪಾಟಿನಲ್ಲಿ ಇಡುವ ಪದ್ಧತಿಯು ವಿದ್ಯಾವಂತರ ಮನೆಗಳಲ್ಲಿಯೇ ಹೆಚ್ಚು. ಅರೆಪ್ರಮಾಣದ ಔಷಧದಿಂದ ಕ್ರಿಮಿಗಳು ಸಾಯದೆ ಆ ಔಷಧವನ್ನೇ ಜಯಿಸಲು ಕಲಿಯುವುವೆಂದು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ರಲ್ಲಿ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದರು. ಅವರ ಮಾತು ನಿಜವಾಗಿ, ಒಂದು ಕಾಲಕ್ಕೆ ಈ ರೋಗಕ್ಕೆ ರಾಮಬಾಣವೆನಿಸಿದ್ದ ಅನೇಕ ಮಾತ್ರೆಗಳು ಇಂದು ನಮ್ಮ ದೇಶದಲ್ಲಿ ಕೆಲಸಕ್ಕೆ ಬಾರದಂತಾಗಿವೆ. ಸರಕಾರವು 2014ರ ಮಾರ್ಚ್ 1ರಿಂದ 46 ಔಷಧಗಳನ್ನು ಹೊಸದೊಂದು ಅನುಸೂಚಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ ಮಾರಿದುದನ್ನು ಪುಸ್ತಕದಲ್ಲಿ ಬರೆದಿಡಬೇಕೆಂದೂ ವಿಧಿಸಿತು. ಅಂಗಡಿಯವನನ್ನು ದೂರುವುದು ಸುಲಭ. ಆಳನ್ನು ಕಳುಹಿಸಿದವರು ನಾವು. ಸಾಧಾರಣ ಸೋಂಕಿಗೆ ಕೆಲವೇ ದಿವಸಗಳ ಔಷಧ ಸಾಕು, ಆದರೆ ಆ ಕೆಲವು ದಿವಸಗಳು ಪೂರ್ತಿಯಾಗಬೇಕು. ಪದೇಪದೇ ಬರುವವರು, ಗರ್ಭಿಣಿಯರು, ಪುರುಷರು ಮೂತ್ರದ ಕಲ್ಚರ್ ಪರೀಕ್ಷೆಯನ್ನು ಮಾಡಿಸತಕ್ಕದ್ದು. ಮೊದಲಿನ ಧಾರೆಯನ್ನು ಬಿಟ್ಟು ನಡುವಿನದನ್ನು ಶುದ್ಧವಾದ ಸೀಸೆಯಲ್ಲಿ ಹಿಡಿದು, ಔಷಧ ನುಂಗುವ ಮೊದಲೇ ಕೊಡಬೇಕು. ಯಾವ ಕ್ರಿಮಿ, ಯಾವ ಔಷಧಕ್ಕೆ ಬಗ್ಗುವುದೆಂದು ಎರಡು ಮೂರು ದಿವಸಗಳಲ್ಲಿ ತಿಳಿಯುವುದು. ಚಳಿಜ್ವರವೂ ಪಕ್ಕೆನೋವೂ ವಾಂತಿಯೂ ಇದ್ದರೆ ಮಾತ್ರ ಯಾವುದಕ್ಕೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಕ್ತವು ಮೂತ್ರದಲ್ಲಿ ನೋವಿಲ್ಲದೆ ಕಂಡರೆ ಅದು ಬೇರೆಯೇ ರೋಗದ ಸೂಚನೆಯಿರಬಹುದು, ಅದನ್ನೂ ಮುಚ್ಚಿಡಬಾರದು.

ಅಧಿಕಾರಿವರ್ಗದವರೊಡನೆ ನಮ್ಮದೊಂದು ಮಾತಿದೆ. ನೀರು ಕುಡಿಯಿರಿ, ಮೂತ್ರವನ್ನು ತಡೆಯಬೇಡಿರಿ ಎಂದು ಹೆಣ್ಣುಮಕ್ಕಳಿಗೆ ಉಪದೇಶಿಸುವುದು ಸುಲಭ. ಹೋಗಲು ಸ್ಥಳವೆಲ್ಲಿ? 1948ರ ಕಾರ್ಖಾನೆ ಕಾಯಿದೆಯ 19ನೆಯ ಕಲಮಿನಲ್ಲಿ, ಕೆಲಸಗಾರರಿಗೆ ಎಲ್ಲ ವೇಳೆಯಲ್ಲಿಯೂ ದೊರೆಯುವಂತೆ ಶೌಚಸ್ಥಳಗಳಿರಬೇಕು, ಸ್ತ್ರೀಯರಿಗೆ ಪ್ರತ್ಯೇಕವಾಗಿರಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಿತು. ಎಲ್ಲ ಶಾಲೆಗಳಲ್ಲಿಯೂ ಆರು ತಿಂಗಳೊಳಗೆ ಶೌಚಾಲಯಗಳನ್ನು ಏರ್ಪಡಿಸಬೇಕೆಂದು ಸುಪ್ರೀಂ ಕೋರ್ಟು 2012ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿತು. ಕಟ್ಟಡಗಳು ಅನೇಕ ಕಡೆ ಎದ್ದಿವೆ. ಕಟ್ಟಡವಿದ್ದು ನೀರಿಲ್ಲದಿದ್ದರೆ, ನೀರಿದ್ದು ಚಿಲಕವಿಲ್ಲದಿದ್ದರೆ, ಹುಡುಗಿಯರು ಮುಂಜಾನೆ ಮನೆ ಬಿಡುವಾಗಲೇ ನೀರು ಕುಡಿಯುವುದನ್ನು ಬಿಡುವರು. ಇದು ಯಾವ ವರದಿಯಲ್ಲಿಯೂ ಬರುವುದಿಲ್ಲ.

ನಮ್ಮೂರಿನ ಕಛೇರಿಯೊಂದರಲ್ಲಿ ಸ್ತ್ರೀ ನೌಕರರ ಶೌಚಾಲಯಕ್ಕೆ ಹೊರಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ಶಿರಸ್ತೇದಾರರ ಮೇಜಿನ ಖಾನೆಯಲ್ಲಿಟ್ಟಿರುವರೆಂದು ಅಲ್ಲಿ ಕೆಲಸಮಾಡುವ ಒಬ್ಬರು ನಮಗೆ ತಿಳಿಸಿದರು. ಸಾರ್ವಜನಿಕರು ಹೊಕ್ಕು ಕೆಡಿಸುವರೆಂಬುದು ಕಾರಣವಂತೆ. ಇಪ್ಪತ್ತು ಮಂದಿ ಪುರುಷರು ಕುಳಿತಿರುವ ಹಜಾರವನ್ನು ದಾಟಿ, ಶಿರಸ್ತೇದಾರರ ಮುಂದೆ ನಿಂತು ಬೀಗದ ಕೈಯನ್ನು ಕೇಳುವುದಕ್ಕಿಂತ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡು ಕೂಡುವುದೇ ಲೇಸೆಂದು ಆ ಸ್ತ್ರೀಯರು ನಿಶ್ಚಯಿಸಿರುವರು. ಆ ಬೀಗವನ್ನು ತೆಗೆಸಿ ಬಾಗಿಲಿನ ಒಳಬದಿಗೆ ಒಂದು ಚಿಲಕವನ್ನು ಹಾಕಿಸಲು ಎಷ್ಟು ವೆಚ್ಚವಾಗುವುದೆಂದು ಅಲ್ಲಿಯ ಮೇಲಧಿಕಾರಿಗಳು ಈ ವಾರವೇ ಅಂದಾಜು ಮಾಡಿಸಬೇಕೆಂದು ಕೋರುತ್ತೇವೆ.